ಅಪ್ಪ ಹೇಳದೇ ಬಿಟ್ಟ ಮಾತುಗಳು: ಐರ್ಲೆಂಡಿನ ಮೂವರು ಒಡಹುಟ್ಟಿದವರ ಪ್ರಕರಣ

ಐರ್ಲೆಂಡಿನ ಪಶ್ಚಿಮ ಭಾಗದ ಒಂದು ಹಳ್ಳಿಯ ಕುಟುಂಬ ಇದು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು. ಇಬ್ಬರ ನಡುವೆ ಸಿಕ್ಕಿಕೊಂಡು ಕೊನೆಗೆ ತಾನೂ ಮುನಿಸಿಕೊಂಡ ತಂಗಿ. 2023ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡ ಮೇಲೆ ಈ ಮೂವರು ಹೇಗೆ ಮತ್ತೆ ಹತ್ತಿರ ಬಂದರು, ಎಲ್ಲೆಲ್ಲಿ ಇನ್ನೇನು ಮುರಿದೇ ಹೋಯಿತು ಅನ್ನುವಷ್ಟರಲ್ಲಿ ಉಳಿದುಕೊಂಡರು ಎಂಬುದನ್ನು ಬರೆಯುತ್ತಿದ್ದೇನೆ.

ನಾನು ಐರ್ಲೆಂಡಿನಲ್ಲಿ ಕುಟುಂಬದ ಆಸ್ತಿ ತಕರಾರುಗಳಲ್ಲಿ ಮಧ್ಯಸ್ಥಿಕೆ ಮಾಡುತ್ತೇನೆ. ಈ ಪ್ರಕರಣದಲ್ಲಿ ಒಬ್ಬ ಐರಿಷ್ ಸಹೋದ್ಯೋಗಿ ಜೊತೆಗಿದ್ದರು. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯಬೇಕು, ಅದು ಕಾನೂನೇ. ಹಾಗಾಗಿ ಮೂವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಹೆಸರು ಬೇಡ. ಅಣ್ಣ, ತಂಗಿ, ತಮ್ಮ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಸುಮಾರು ಐವತ್ತು ಎಕರೆ ಜಮೀನು. ಅದರಲ್ಲಿ ಒಂದಿಷ್ಟು ಜೌಗು ನೆಲ. ಉಳುಮೆ ಇಲ್ಲ, ಬರೀ ಹುಲ್ಲು. ಮಾಂಸದ ತಳಿಯ ಹಸುಗಳನ್ನಿಟ್ಟು, ಕರುಗಳನ್ನು ಬೆಳೆಸಿ, ವಾರದ ದನದ ಸಂತೆಯಲ್ಲಿ ಮಾರುವುದು. ಅಲ್ಲಿ ಇದಕ್ಕೆ ಮಾರ್ಟ್ ಅಂತಾರೆ. ಇಂಥ ಜಮೀನಿನಿಂದ ಒಂದು ಸಂಸಾರ ಹೇಗೋ ನಡೆಯುತ್ತದೆ, ಮೂರು ನಡೆಯುವುದಿಲ್ಲ. ಅದಕ್ಕೇ ಅಲ್ಲಿ ಹೊಲ ಒಡೆಯುವ ಪದ್ಧತಿ ಇಲ್ಲ. ಒಬ್ಬ ಮಗ ಉಳಿಯುತ್ತಾನೆ, ಉಳಿದವರು ಹೊರಡುತ್ತಾರೆ.

ಅಣ್ಣ ಉಳಿದರು. ಹದಿನೆಂಟಕ್ಕೆ ಹೊಲಕ್ಕಿಳಿದವರು, ಸಂಬಳ ಅಂತ ಒಂದು ಇರಲಿಲ್ಲ. ಜಮೀನಿನ ಪತ್ರ ಕೊನೆಯ ತನಕ ಅಪ್ಪನ ಹೆಸರಿನಲ್ಲೇ ಇತ್ತು. 'ಮುಂದೆ ಇದೆಲ್ಲ ನಿಂದೇ ತಾನೇ' ಎಂದು ಅಪ್ಪ ಆಗಾಗ ಹೇಳುತ್ತಿದ್ದರಂತೆ. ತಂಗಿ ಓದಿ ಡಬ್ಲಿನ್‌ನಲ್ಲಿ ಟೀಚರ್ ಆದರು. ತಮ್ಮ 1986ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಹಡಗು ಹತ್ತಿ ಲಂಡನ್ನಿಗೆ ಹೋದರು. ಆಗ ಐರ್ಲೆಂಡಿನಲ್ಲಿ ನಿರುದ್ಯೋಗ ಶೇ. 17ರ ಆಸುಪಾಸು. ಒಂದೊಂದು ಊರಿನಿಂದ ಇಡೀ ಫುಟ್ಬಾಲ್ ತಂಡಗಳೇ ಖಾಲಿಯಾದ ಕಾಲ ಅದು. ತಮ್ಮ ವಾಯವ್ಯ ಲಂಡನ್ನಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿ, ನಿಧಾನಕ್ಕೆ ತಾವೇ ಚಿಕ್ಕ ಗುತ್ತಿಗೆದಾರರಾದರು.

ಮೊದಲ ಬಿರುಕು 2006ರದು. ಐರ್ಲೆಂಡಿನಲ್ಲಿ ಹಣ ಹರಿದಾಡುತ್ತಿದ್ದ ವರ್ಷಗಳು. ಹೋದವರೆಲ್ಲ ವಾಪಸ್ ಬಂದು ಮನೆ ಕಟ್ಟುತ್ತಿದ್ದರು. ತಮ್ಮ ಬೇಸಿಗೆ ರಜೆಗೆ ಬಂದಾಗ ಅಪ್ಪನನ್ನು ಅರ್ಧ ಎಕರೆ ಕೇಳಿದರು. ರಸ್ತೆ ಬದಿಯ ಹೊಲದ ಮೂಲೆ ತೋರಿಸಿ ಅಪ್ಪ 'ತಗೋ' ಎಂದರಂತೆ. ಅಣ್ಣನಿಗೆ ಇದು ಗೊತ್ತೇ ಇಲ್ಲ. ಹಿಂದಿನ ಹೊಲಗಳಿಗೆ ಟ್ರ್ಯಾಕ್ಟರ್ ಹೋಗುವುದೇ ಆ ಮೂಲೆಯಿಂದ. ಅಳತೆಗೆ ಜನ ಬಂದಾಗ ಅಣ್ಣ ಗೇಟಿಗೆ ಬೀಗ ಹಾಕಿದರು. ಅಪ್ಪ ಒಳಗೆ ಟೀ ಕುಡಿಯುತ್ತ ಕೂತಿದ್ದರು, ಹೊರಗೆ ಬರಲಿಲ್ಲ.

ಮನೆ ಕಟ್ಟಲೆಂದು ಇಟ್ಟಿದ್ದ ದುಡ್ಡನ್ನು ತಮ್ಮ ಆ ಸಿಟ್ಟಿನಲ್ಲಿ 2007ರಲ್ಲಿ ಡಬ್ಲಿನ್ ಫ್ಲ್ಯಾಟ್ ಒಂದಕ್ಕೆ ಹಾಕಿದರು. ಬೆಲೆ ತುತ್ತತುದಿಯಲ್ಲಿದ್ದ ವರ್ಷ. ಐದಾರು ವರ್ಷದಲ್ಲಿ ದೇಶದಲ್ಲಿ ಮನೆಗಳ ಬೆಲೆ ಅರ್ಧಕ್ಕೆ ಇಳಿಯಿತು. ಆ ನಷ್ಟವನ್ನೂ ತಮ್ಮ ಅಣ್ಣನ ಲೆಕ್ಕಕ್ಕೇ ಬರೆದುಕೊಂಡರು.

ಆದರೂ ಮಾತು ನಿಂತಿರಲಿಲ್ಲ. ನಿಂತಿದ್ದು 2010ರ ಡಿಸೆಂಬರಿನಲ್ಲಿ, ತಾಯಿ ತೀರಿಕೊಂಡಾಗ. ಆ ತಿಂಗಳು ಬ್ರಿಟನ್, ಐರ್ಲೆಂಡ್ ಎರಡೂ ಹಿಮದಡಿ ಹೂತುಹೋಗಿದ್ದವು. ಡಿಸೆಂಬರ್ 18ರಂದು ಹೀಥ್ರೂ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ತಾಯಿ ರಾತ್ರಿ ಹೋದರು. ಲಂಡನ್ನಿಗೆ ಫೋನ್ ಹೋಗಿದ್ದು ಮಾರನೇ ದಿನ ಮಧ್ಯಾಹ್ನ. ವಿಮಾನ ಇಲ್ಲ. ರೈಲಿನಲ್ಲಿ ವೇಲ್ಸ್‌ನ ಹೋಲಿಹೆಡ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಡಬ್ಲಿನ್‌ಗೆ, ಆಮೇಲೆ ಹಿಮದ ರಸ್ತೆಯಲ್ಲಿ ಊರಿಗೆ. ತಮ್ಮ ಬಂದು ಮುಟ್ಟುವಾಗ ಮಣ್ಣು ಮಾಡಿ ಮೂರು ತಾಸಾಗಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಎರಡೇ ಮಾತು ನಡೆದದ್ದು. ಇಬ್ಬರೂ ಅದನ್ನು ನನಗೆ ಬೇರೆ ಬೇರೆಯಾಗಿ, ಅಕ್ಷರ ತಪ್ಪದಂತೆ ಹೇಳಿದರು.

'ಒಂದು ದಿನ ಕಾಯಬಹುದಿತ್ತಲ್ಲ.'

'ಇಪ್ಪತ್ತನಾಲ್ಕು ವರ್ಷದಿಂದ ನೀನಿಲ್ಲ. ಇನ್ನೊಂದು ದಿನ ಏನು ಮಹಾ?'

ಅಪ್ಪ ಅಲ್ಲೇ ಒಲೆ ಪಕ್ಕ ಕೂತಿದ್ದರು.

ತಂಗಿ ಮುನಿಸಿಕೊಂಡದ್ದು

ತಂಗಿ ಇಬ್ಬರೊಂದಿಗೂ ಮಾತಾಡಿಕೊಂಡೇ ಇದ್ದರು. 2018ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ನರ್ಸಿಂಗ್ ಹೋಮಿಗೆ, ಅಂದರೆ ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕಡೆಗೆ, ಸೇರಿಸೋಣ ಎಂದು ತಂಗಿ, ಬೇಡ ಎಂದು ಅಣ್ಣ.

ಈ ಜಗಳದ ಹಿಂದೆ ಒಂದು ಸರ್ಕಾರಿ ಲೆಕ್ಕ ಇದೆ. ಅದು ಗೊತ್ತಿಲ್ಲದೆ ಜಗಳ ಅರ್ಥವಾಗುವುದಿಲ್ಲ. ಐರ್ಲೆಂಡಿನಲ್ಲಿ 2009ರಿಂದ 'ಫೇರ್ ಡೀಲ್' ಎಂಬ ಯೋಜನೆ ಇದೆ. ನರ್ಸಿಂಗ್ ಹೋಮಿನ ಖರ್ಚಿಗೆ ವೃದ್ಧರು ತಮ್ಮ ಆದಾಯದ ಶೇ. 80 ಮತ್ತು ವರ್ಷಕ್ಕೆ ಆಸ್ತಿಯ ಬೆಲೆಯ ಶೇ. 7.5 ಕೊಡಬೇಕು, ಮಿಕ್ಕಿದ್ದು ಸರ್ಕಾರದ್ದು. ವಾಸದ ಮನೆಗೆ ಇದು ಮೂರೇ ವರ್ಷ. ಹೊಲಕ್ಕೆ ಮಾತ್ರ ಆಗ ಬಹುತೇಕ ಅಂಥ ಮಿತಿ ಇರಲಿಲ್ಲ. ಅಪ್ಪ ಎಷ್ಟು ವರ್ಷ ಬದುಕಿದರೆ ಅಷ್ಟು ವರ್ಷ ಹೊಲದ ಮೇಲೆ ಸಾಲ ಏರುತ್ತ ಹೋಗುತ್ತಿತ್ತು. ಹೊಲ ನೋಡಿಕೊಳ್ಳುವ ವಾರಸುದಾರ ಇದ್ದರೆ ಅದಕ್ಕೂ ಮೂರು ವರ್ಷದ ಮಿತಿ ಎಂದು ಕಾನೂನು ಬದಲಾದದ್ದು 2021ರ ಅಕ್ಟೋಬರಿನಲ್ಲಿ. ಅಣ್ಣನ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದನ್ನು ಅವರು ತಂಗಿಗೆ ಬಿಡಿಸಿ ಹೇಳಲಿಲ್ಲ. 'ಅಪ್ಪ ಇಲ್ಲೇ ಇರ್ತಾರೆ' ಅಂದರು, ಅಷ್ಟೇ.

'ನಿನಗೆ ಅಪ್ಪ ಮುಖ್ಯವೋ ಹೊಲ ಮುಖ್ಯವೋ?' ಎಂದು ತಂಗಿ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು. ಆಮೇಲೆ ಅವರು ಅಪ್ಪನನ್ನು ನೋಡಲು ಬರುತ್ತಿದ್ದುದು ಮಾರ್ಟ್ ದಿನ ಮಾತ್ರ, ಅಣ್ಣ ಕರುಗಳನ್ನು ಗಾಡಿಗೆ ಹತ್ತಿಸಿ ಹೊರಟ ಮೇಲೆ. ಊರಿಗೆಲ್ಲ ಇದು ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅತ್ತಿಗೆ ಬಾಗಿಲು ತೆರೆದು ಒಳಗೆ ಬಿಟ್ಟು, ತಾವು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು.

ಸಾವಿನ ನಾಲ್ಕು ದಿನ

ಐರ್ಲೆಂಡಿನ ಹಳ್ಳಿಗಳಲ್ಲಿ ಸಾವು ಬೇಗ ಬೇಗ ನಡೆಯುತ್ತದೆ. ಎರಡು, ಮೂರು ದಿನದಲ್ಲಿ ಎಲ್ಲ ಮುಗಿದಿರುತ್ತದೆ. ಶವಸಂಸ್ಕಾರದ ಏರ್ಪಾಡು ಮಾಡುವ ಅಂಡರ್‌ಟೇಕರ್ ಮನೆಗೆ ಬಂದು ಮೊದಲು ಕೇಳುವುದು ಸಾವಿನ ಸೂಚನೆಯ ಒಕ್ಕಣೆ. ಅದು ಸ್ಥಳೀಯ ರೇಡಿಯೋದಲ್ಲಿ ಓದಿಸಿಕೊಳ್ಳುತ್ತದೆ, ಆರ್‌ಐಪಿ ಡಾಟ್ ಐಇ ಎಂಬ ತಾಣದಲ್ಲಿ ಬರುತ್ತದೆ. ಲಂಡನ್ನಿನಲ್ಲಿ, ಬಾಸ್ಟನ್ನಿನಲ್ಲಿ, ಸಿಡ್ನಿಯಲ್ಲಿ ಕೂತ ಐರಿಷ್ ಜನ ದಿನಾ ಬೆಳಿಗ್ಗೆ ಅದನ್ನು ನೋಡುತ್ತಾರೆ. ಯಾರ ಮಗ, ಯಾರ ಅಣ್ಣ, ಯಾರನ್ನು ಅಗಲಿದ್ದಾರೆ ಎಂದು ಹೆಸರು ಹಿಡಿದು ಬರೆದಿರುತ್ತಾರೆ. ಒಂದು ಹೆಸರು ಬಿಟ್ಟುಹೋದರೆ ಇಡೀ ಜಿಲ್ಲೆಗೆ ಗೊತ್ತಾಗುತ್ತದೆ.

ಅಂಡರ್‌ಟೇಕರ್ ಪೆನ್ನು ಹಿಡಿದು 'ಮಕ್ಕಳು?' ಎಂದು ಕೇಳಿದರು. ಅಣ್ಣ ತನ್ನ ಹೆಸರೊಂದನ್ನೇ ಹೇಳಿ ನಿಲ್ಲಿಸಿದರು. ತಂಗಿ ಅಷ್ಟರಲ್ಲಿ ಡಬ್ಲಿನ್‌ನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಆ ಮನುಷ್ಯ ನಲವತ್ತು ವರ್ಷದಿಂದ ಆ ಕೆಲಸ ಮಾಡಿದವರು. ಮುಂದಿನ ಸಾಲಿಗೆ ಹೋಗಲಿಲ್ಲ, ಸುಮ್ಮನೆ ಕಾದರು. ಅಣ್ಣ ತಂಗಿಯ ಹೆಸರು ಹೇಳಿದರು. ಇನ್ನೂ ಕಾದರು. ಆಮೇಲೆ ತಮ್ಮನ ಹೆಸರೂ ಬಂತು.

ಇದಕ್ಕಿಂತ ದೊಡ್ಡದು ಇನ್ನೊಂದು ನಿರ್ಧಾರ. ಭಾನುವಾರ ರಾತ್ರಿಯ ಸಾವು, ವಾಡಿಕೆಯಂತೆ ಬುಧವಾರ ಮಣ್ಣು. ತಂಗಿ ಲಂಡನ್ನಿಗೆ ಫೋನ್ ಮಾಡಿದ್ದರು, ತಮ್ಮ 'ನಾನು ಬರಲ್ಲ' ಎಂದಿದ್ದರು. ಅದನ್ನು ಅವರು ಅಣ್ಣನಿಗೆ ಹೇಳಿದರು. ಅಣ್ಣ ಸ್ವಲ್ಪ ಹೊತ್ತು ಬಿಟ್ಟು ಅಂಡರ್‌ಟೇಕರಿಗೆ ಹೇಳಿದರು: 'ಗುರುವಾರ ಇಟ್ಟುಕೊಳ್ಳಿ.' ಕಾರಣ ಹೇಳಲಿಲ್ಲ. ತಂಗಿಗೆ ಕಾರಣ ಬೇಕಿರಲಿಲ್ಲ. ಮತ್ತೆ ಫೋನ್ ಮಾಡಿ ತಮ್ಮನಿಗೆ ಒಂದೇ ವಾಕ್ಯ ಹೇಳಿದರು, 'ಒಂದು ದಿನ ಮುಂದಕ್ಕೆ ಹಾಕಿದಾನೆ.'

ಟಿಕೆಟ್ ತೆಗೆಸಿದ್ದು ಆ ವಾಕ್ಯ ಎಂದು ತಮ್ಮ ನನಗೆ ಹೇಳಿದರು. ಈ ಇಡೀ ಪ್ರಕರಣದಲ್ಲಿ 'ತಪ್ಪಾಯ್ತು' ಎಂಬ ಮಾತನ್ನು ಯಾರೂ ಆಡಿಲ್ಲ. ಆ ಒಂದು ದಿನವೇ ಅದರ ಕೆಲಸ ಮಾಡಿತು. ಇಂಥ ಮನೆಗಳಲ್ಲಿ ಕ್ಷಮೆಯನ್ನು ಬಾಯಿಮಾತಿನಲ್ಲಿ ಕೇಳಲೇಬೇಕು ಎಂದು ಹಟ ಹಿಡಿಯುವ ಮಧ್ಯಸ್ಥರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೊಟ್ಟದ್ದನ್ನು ಗುರುತಿಸುವುದು ಮುಖ್ಯ. ತಂಗಿ ಗುರುತಿಸಿದರು, ತಮ್ಮನಿಗೆ ದಾಟಿಸಿದರು.

ಅಪ್ಪನನ್ನು ಮನೆಯ ಮುಂದಿನ ಕೋಣೆಯಲ್ಲಿ, ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆ ಪಕ್ಕ ಮನೆಯವರಿಗೆ ಸಾಲಾಗಿ ಕುರ್ಚಿ. ಊರಿನವರು ಒಂದು ಬಾಗಿಲಿನಿಂದ ಬಂದು, ಸಾಲಿನಲ್ಲಿರುವ ಒಬ್ಬೊಬ್ಬರ ಕೈಹಿಡಿದು ಸಂತಾಪ ಹೇಳಿ, ಪೆಟ್ಟಿಗೆ ಎದುರು ನಿಂತು ಪ್ರಾರ್ಥಿಸಿ, ಅಡುಗೆಮನೆಗೆ ಹೋಗಿ ಟೀ, ಹ್ಯಾಮ್ ಸ್ಯಾಂಡ್‌ವಿಚ್ ತೆಗೆದುಕೊಳ್ಳುತ್ತಾರೆ. ತಿಂಡಿ ಎಲ್ಲ ಅಕ್ಕಪಕ್ಕದವರೇ ತಂದದ್ದು. ನೂರಾರು ಜನ, ತಾಸುಗಟ್ಟಲೆ. ತಮ್ಮ ಬಂದಾಗ ಖಾಲಿ ಇದ್ದದ್ದು ಅಣ್ಣನ ಪಕ್ಕದ ಕುರ್ಚಿ. ಬೇರೆ ಕಡೆ ಕೂರುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ.

ಊರಿನ ಎಳೆಯರಿಗೆ ಆ ಮನೆಯಲ್ಲಿ ಇನ್ನೊಬ್ಬ ಮಗ ಇರುವುದೇ ಗೊತ್ತಿರಲಿಲ್ಲ. ಅವರು ಅಣ್ಣನ ಕೈಕುಲುಕಿ, ಮುಂದಿನವರು ಯಾರೆಂದು ತಿಳಿಯದೆ ತಡೆಯುತ್ತಿದ್ದರು. ಪ್ರತಿ ಸಲವೂ ಅಣ್ಣ ಹೇಳಬೇಕಾಯಿತು: 'ಇವನು ನನ್ನ ತಮ್ಮ.' ಆ ರಾತ್ರಿ ಅವರು ಅದನ್ನು ಎಷ್ಟು ಸಲ ಹೇಳಿದರೋ!

ಗುರುವಾರ ಚರ್ಚಿನಿಂದ ಸ್ಮಶಾನಕ್ಕೆ ಪೆಟ್ಟಿಗೆ ಹೊರಲು ಆರು ಜನ. ಭುಜದ ಮೇಲೆ ಪೆಟ್ಟಿಗೆ ನೇರ ನಿಲ್ಲಬೇಕಾದ್ದರಿಂದ ಅಂಡರ್‌ಟೇಕರ್ ಎತ್ತರ ನೋಡಿ ಜೋಡಿ ಮಾಡುತ್ತಾರೆ. ಎದುರುಬದುರಿನವರು ಪೆಟ್ಟಿಗೆ ಕೆಳಗಿನಿಂದ ಒಬ್ಬರ ಭುಜ ಇನ್ನೊಬ್ಬರು ಗಟ್ಟಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಹೆಜ್ಜೆ ಕೂಡುವುದಿಲ್ಲ. ಅಣ್ಣತಮ್ಮ ಒಂದೇ ಎತ್ತರ. ಮುಂದಿನ ಜೋಡಿ ಅವರೇ ಆದರು.

ಈ ವಿವರಗಳನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಮಾತಾಡದ ಇಬ್ಬರನ್ನು ಮಾತೇ ಬೇಡದ ಕೆಲಸಗಳಲ್ಲಿ ಪಕ್ಕ ಪಕ್ಕ ನಿಲ್ಲಿಸುವ ಶಕ್ತಿ ಈ ಆಚರಣೆಗಳಿಗಿದೆ. ಅಷ್ಟನ್ನೇ ಅವು ಮಾಡಬಲ್ಲವು. ಜಗಳ ಬಗೆಹರಿಸುವುದು ಅವುಗಳ ಕೆಲಸವಲ್ಲ. ಆ ಸಂಜೆ ದಾಯಾದಿಯೊಬ್ಬರು 'ಉಯಿಲು ಇದೆಯಾ?' ಎಂದು ಕೇಳಿದಾಗ ಅಣ್ಣ 'ಇವತ್ತು ಆ ಮಾತು ಬೇಡ' ಎಂದು ಅಲ್ಲೇ ತಡೆದರು. ಒಳ್ಳೆಯದನ್ನೇ ಮಾಡಿದರು. ತಮ್ಮ ಲಂಡನ್ನಿಗೆ ಹೊರಡುವಾಗ ಇಬ್ಬರೂ ಕೈಕುಲುಕಿದ್ದರು.

ಉಯಿಲು

ಉಯಿಲು 1994ರದು. ಮನೆ, ಹೊಲ, ದನ ಎಲ್ಲ ಅಣ್ಣನಿಗೆ. ತಂಗಿಗೆ, ತಮ್ಮನಿಗೆ ತಲಾ 5,000 ಪೌಂಡು. ಐರಿಷ್ ಪೌಂಡು 2002ರಲ್ಲೇ ಚಲಾವಣೆಯಿಂದ ಹೋಗಿದೆ. ಯೂರೋಗೆ ಬದಲಿಸಿದರೆ ಅದು ಸುಮಾರು 6,350. ರಸ್ತೆ ಬದಿಯ ಅರ್ಧ ಎಕರೆಯ ಸುದ್ದಿಯೇ ಇಲ್ಲ. 2006ರ ಮಾತು ಬರುವ ಹನ್ನೆರಡು ವರ್ಷ ಮೊದಲೇ ಬರೆಸಿದ ಉಯಿಲು ಅದು, ಆಮೇಲೆ ಅಪ್ಪ ಅದನ್ನು ಮುಟ್ಟಿರಲಿಲ್ಲ.

ನಮ್ಮ ಓದುಗರು ಕೇಳಬಹುದು, ಪಾಲು ಕೇಳಬಹುದಲ್ಲ ಅಂತ. ನಮ್ಮಲ್ಲಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳನ್ನೂ ಅದಕ್ಕೆ ಸೇರಿಸಿತು. ಐರ್ಲೆಂಡಿನಲ್ಲಿ ಹಾಗಿಲ್ಲ. ಅಲ್ಲಿನ 1965ರ ಉತ್ತರಾಧಿಕಾರ ಕಾಯ್ದೆ ಗಂಡ ಅಥವಾ ಹೆಂಡತಿಗೆ ಕಡ್ಡಾಯ ಪಾಲು ಕೊಡುತ್ತದೆ, ಮಕ್ಕಳಿಗೆ ಕೊಡುವುದಿಲ್ಲ. ಮಕ್ಕಳಿಗಿರುವ ದಾರಿ 117ನೇ ಕಲಮು. ತಂದೆ ತಾಯಿ ತಮ್ಮ ಅನುಕೂಲಕ್ಕೆ ತಕ್ಕಂತೆ ತನಗೆ ಸರಿಯಾದ ಏರ್ಪಾಡು ಮಾಡಿಲ್ಲ, ನೈತಿಕ ಹೊಣೆ ನಿಭಾಯಿಸಿಲ್ಲ ಎಂದು ಕೋರ್ಟಿನಲ್ಲಿ ತೋರಿಸಬೇಕು. ಅದಕ್ಕೂ ಗಡುವಿದೆ. ಉಯಿಲು ಜಾರಿಗೆ ಪ್ರೊಬೇಟ್, ಅಂದರೆ ಕೋರ್ಟಿನ ಮನ್ನಣೆ, ಸಿಕ್ಕ ದಿನದಿಂದ ಆರು ತಿಂಗಳು, ಅಷ್ಟೇ. ಒಂದು ದಿನ ದಾಟಿದರೂ ಬಾಗಿಲು ಮುಚ್ಚಿತು.

ಕೆಲಸ ಮಾಡದ ಎರಡು ಪ್ರಯತ್ನ

ಮೊದಲ ಪ್ರಯತ್ನ ತಂಗಿಯದು. ತಿಂಗಳ ಪೂಜೆಗೆ, ಅಂದರೆ ಸಾವಾದ ತಿಂಗಳಿಗೆ ಚರ್ಚಿನಲ್ಲಿ ಮಾಡಿಸುವ ಪ್ರಾರ್ಥನೆಗೆ, ತಮ್ಮ ಮತ್ತೆ ಬಂದಿದ್ದರು. ಈಸ್ಟರ್ ಭಾನುವಾರ ಕುರಿಮಾಂಸದ ಊಟ ಆದ ಮೇಲೆ ತಂಗಿ ಉಯಿಲಿನ ಪ್ರತಿಯನ್ನು ಮೇಜಿನ ಮೇಲಿಟ್ಟು 'ಇದನ್ನು ಮೂವರೂ ಸೇರಿ ಬಗೆಹರಿಸೋಣ' ಎಂದರು. ಉದ್ದೇಶ ಒಳ್ಳೆಯದೇ. ಆದರೆ ಅದೇ ಅಡುಗೆಮನೆ, ಅದೇ ಒಲೆ. ಹತ್ತು ನಿಮಿಷದಲ್ಲಿ ಅರ್ಧ ಎಕರೆ ಬಂತು, ಡಬ್ಲಿನ್ ಫ್ಲ್ಯಾಟ್ ಬಂತು, ನರ್ಸಿಂಗ್ ಹೋಮ್ ಬಂತು. ತಮ್ಮ ಅವತ್ತೇ ಹೊರಟುಹೋದರು.

ಎರಡನೆಯದು ವಕೀಲರ ಪತ್ರ. ಮೇ ತಿಂಗಳಲ್ಲಿ ತಮ್ಮನ ಸಾಲಿಸಿಟರ್ 117ನೇ ಕಲಮಿನ ಹಕ್ಕು ಕಾಯ್ದಿರಿಸಿ ಪತ್ರ ಬರೆದರು. ಪತ್ರದಲ್ಲಿ ತಪ್ಪೇನಿರಲಿಲ್ಲ, ಎಲ್ಲರೂ ಬರೆಯುವ ಒಕ್ಕಣೆಯೇ. ಆದರೆ 'ನಮ್ಮ ಕಕ್ಷಿದಾರರು' ಎಂದು ತನ್ನ ತಮ್ಮನನ್ನು ಕಾಗದದಲ್ಲಿ ಓದಿದ ಅಣ್ಣ ಫೋನ್ ಎತ್ತುವುದನ್ನೇ ಬಿಟ್ಟರು. ಅತ್ತ ಲಂಡನ್ನಿನಲ್ಲಿ ತಮ್ಮ ಪಟ್ಟಿ ಮಾಡತೊಡಗಿದರು, ಯಾರ್ಯಾರು ಸಾಕ್ಷಿ ಎಂದು. ಮಾರ್ಚ್‌ನಲ್ಲಿ ಗಳಿಸಿದ್ದೆಲ್ಲ ಹೋಗುವುದರಲ್ಲಿತ್ತು.

ಅಲ್ಲಿನ 2017ರ ಮಧ್ಯಸ್ಥಿಕೆ ಕಾಯ್ದೆ ಇಲ್ಲಿ ಕೆಲಸಕ್ಕೆ ಬಂತು. ಕೋರ್ಟಿಗೆ ಹೋಗುವ ಮುಂಚೆ ಸಾಲಿಸಿಟರ್ ತನ್ನ ಕಕ್ಷಿದಾರರಿಗೆ ಮಧ್ಯಸ್ಥಿಕೆಯ ದಾರಿಯನ್ನು ವಿವರಿಸಲೇಬೇಕು. ವಿವರಿಸಿದ್ದೇವೆ ಎಂದು ಪ್ರಮಾಣ ಮಾಡಿ ಕೊಡಬೇಕು. ಹಾಗೆ ವಿವರಿಸಿದ್ದರಿಂದಲೇ ಮೂವರೂ ನಮ್ಮ ಹತ್ತಿರ ಬಂದರು. ತಂಗಿ ಮುಂದೆ ನಿಂತು ಒಪ್ಪಿಸಿದರು ಎಂಬುದನ್ನೂ ಹೇಳಬೇಕು.

ಗಡಿಯಾರ ನಿಲ್ಲಿಸಿದ್ದು

ಮೊದಲು ಒಬ್ಬೊಬ್ಬರನ್ನೇ ಕೇಳಿಸಿಕೊಂಡೆವು. ನಾನು ಹೊರಗಿನವಳಾದದ್ದು ಅನುಕೂಲವೇ ಆಯಿತು. ನನ್ನ ಸಹೋದ್ಯೋಗಿಗೆ 'ನಿಮಗೆ ಗೊತ್ತಲ್ಲ' ಎಂದು ಅರ್ಧಕ್ಕೆ ಬಿಡುವ ಮಾತನ್ನು ನನಗೆ ಪೂರ್ತಿ ಹೇಳುತ್ತಿದ್ದರು. ನಾನು ಯಾರ ದೂರದ ನಂಟಳೂ ಅಲ್ಲ ಎಂಬ ಧೈರ್ಯವೂ ಇತ್ತು.

ಮೂವರ ಕತೆ ಕೇಳಿದ ಮೇಲೆ ನಮಗೆ ಒಂದು ಸ್ಪಷ್ಟವಾಯಿತು. ಮೂವರೂ ಒಬ್ಬರ ಮೇಲೊಬ್ಬರು ದೂರುತ್ತಿದ್ದರು. ಆದರೆ ಪ್ರತಿ ದೂರಿನಲ್ಲೂ ಅಪ್ಪ ಪಕ್ಕದಲ್ಲೇ ಕೂತಿದ್ದರು, ಏನೂ ಹೇಳದೆ. ಇಬ್ಬರು ಗಂಡುಮಕ್ಕಳಿಗೂ ಮಾತು ಕೊಟ್ಟವರು ಅವರೇ. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ತಿಳಿಸದವರೂ ಅವರೇ. ಅಪ್ಪನ ಮೇಲೆ ಸಿಟ್ಟಾಗುವುದು ಆ ಮನೆಯಲ್ಲಿ ಆಗದ ಮಾತು. ಅದಕ್ಕೇ ಸಿಟ್ಟು ಒಡಹುಟ್ಟಿದವರ ಕಡೆ ತಿರುಗಿತ್ತು. ಇದನ್ನು ಬಿಡಿಸದೆ ನಕ್ಷೆ ತೆರೆದು ಎಕರೆ ಲೆಕ್ಕ ಹಾಕಿದರೆ ಈಸ್ಟರ್ ಊಟವೇ ಮತ್ತೆ ನಡೆಯುತ್ತದೆ.

ಆದರೆ ಅದಕ್ಕೆ ಸಮಯ ಬೇಕು, ಆರು ತಿಂಗಳ ಗಡುವಿನ ಭಯ ತಲೆ ಮೇಲೆ. ಇಲ್ಲಿಯೇ ನಾವು ಮುಖ್ಯ ನಿರ್ಧಾರ ಮಾಡಿದ್ದು. ಆ ಗಡುವು ಶುರುವಾಗುವುದು ಪ್ರೊಬೇಟ್ ಸಿಕ್ಕ ದಿನದಿಂದ, ಸಾವಿನ ದಿನದಿಂದಲ್ಲ. ಉಯಿಲನ್ನು ಜಾರಿ ಮಾಡಬೇಕಾದ ಎಕ್ಸಿಕ್ಯೂಟರ್ ಅಣ್ಣನೇ. ಅವರು ಪ್ರೊಬೇಟಿಗೆ ಅರ್ಜಿ ಹಾಕುವುದನ್ನು ಡಿಸೆಂಬರ್ ತನಕ ತಡೆದರೆ ಗಡಿಯಾರವೇ ಓಡುವುದಿಲ್ಲ. ಅಣ್ಣನ ಸಾಲಿಸಿಟರ್ ಮೊದಲು ಒಪ್ಪಲಿಲ್ಲ. ಹಿಂಡಿನ ನೋಂದಣಿ, ಸಬ್ಸಿಡಿ ಅರ್ಜಿ, ಬ್ಯಾಂಕು, ಎಲ್ಲಕ್ಕೂ ತೊಂದರೆ ಎಂದರು. ಅದೂ ನಿಜವೇ. ಜೊತೆಗೆ ಸತ್ತವರ ಆಸ್ತಿಯ ಮೇಲಿನ ಬೇರೆ ಕೆಲವು ಬಗೆಯ ದಾವೆಗಳಿಗೆ ಸಾವಿನ ದಿನದಿಂದ ಎರಡೇ ವರ್ಷ, ಅದು ಯಾರಿಗೂ ಕಾಯುವುದಿಲ್ಲ. ಇದನ್ನೆಲ್ಲ ಮೂವರಿಗೂ ಬಿಡಿಸಿ ಹೇಳಿ, ಇಬ್ಬರೂ ಸಾಲಿಸಿಟರುಗಳಿಂದ ಬರೆಸಿಕೊಂಡೆವು. ಅಣ್ಣ ಸಹಿ ಹಾಕಿದರು.

ತಮ್ಮನಿಗೆ ಅದು ಬರೀ ಕಾಗದವಾಗಿ ಕಾಣಲಿಲ್ಲ. ಅಣ್ಣ ಎರಡನೇ ಸಲ ಕಾದಿದ್ದರು.

2010ರ ರಾತ್ರಿ

ಮೊದಲ ಜಂಟಿ ಸಭೆ ಬೇರೆ ಪೇಟೆಯ ಹೋಟೆಲೊಂದರಲ್ಲಿ. ಉಯಿಲು, ನಕ್ಷೆ ಮೇಜಿಗೆ ಬರಬಾರದು ಎಂದು ಮೊದಲೇ ಹೇಳಿದ್ದೆವು. ತಾಯಿ ತೀರಿಕೊಂಡ ರಾತ್ರಿಯ ಬಗ್ಗೆ ಮಾತ್ರ ಮಾತು. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ.

ರೈಲು, ಹಡಗು, ಹಿಮ ಎಲ್ಲ ತಮ್ಮ ಹೇಳಿದರು. ಹೋಲಿಹೆಡ್‌ನಲ್ಲಿ ಹಡಗಿಗೆ ಕಾಯುವಾಗ ತಾಯಿಗೆ ಇಷ್ಟವಾದ ಚಹಾ ಬಿಸ್ಕತ್ತಿನ ಡಬ್ಬ ಕೈಯಲ್ಲಿತ್ತಂತೆ. ಫೋನ್ ಬರುವ ಮೊದಲೇ ಕ್ರಿಸ್‌ಮಸ್‌ಗೆಂದು ಕೊಂಡದ್ದು, ಏನು ಮಾಡಬೇಕೆಂದು ತೋಚದೆ ಹಿಡಿದುಕೊಂಡೇ ಬಂದರಂತೆ.

ಆಮೇಲೆ ಅಣ್ಣ. ಫೋನ್ ಯಾಕೆ ತಡವಾಯಿತು ಎಂಬುದಕ್ಕೆ ಹನ್ನೆರಡು ವರ್ಷ ಉತ್ತರ ಕೊಟ್ಟಿರಲಿಲ್ಲ. ಈಗ ಕೊಟ್ಟರು. ರಾತ್ರಿಯೇ ಫೋನ್ ಮಾಡಲು ಹೊರಟಾಗ ಅಪ್ಪ ತಡೆದರಂತೆ. 'ಬೆಳಗಾಗಲಿ. ಈ ಹಿಮದಲ್ಲಿ ಅವನು ಕಾರು ತಗೊಂಡು ಹೊರಡ್ತಾನೆ. ಒಂದೇ ವಾರದಲ್ಲಿ ಇಬ್ಬರನ್ನ ಮಣ್ಣು ಮಾಡೋಕೆ ನನ್ನಿಂದ ಆಗಲ್ಲ.' ಬೆಳಿಗ್ಗೆ ಆಸ್ಪತ್ರೆ, ಪಾದ್ರಿ, ಒಡೆದ ನೀರಿನ ಪೈಪು, ಹೀಗೆ ಮಧ್ಯಾಹ್ನವಾಯಿತು.

'ಇದನ್ನ ಅವತ್ತೇ ಹೇಳಬಹುದಿತ್ತಲ್ಲ?' ಎಂದು ತಂಗಿ ಕೇಳಿದರು.

'ಅಪ್ಪ ಅಲ್ಲೇ ಕೂತಿದ್ದರಲ್ಲ. ಅವರು ಹೇಳಲಿಲ್ಲ. ನಾನು ಹೇಗೆ ಹೇಳಲಿ?'

ಬೆಂಗಳೂರಿನಿಂದಲೋ ಹಾಸನದಿಂದಲೋ ನಡುರಾತ್ರಿ ಫೋನ್ ಬಂದಾಗ ವಿದೇಶದಲ್ಲಿ ಕೂತ ನಮ್ಮವರೂ ಇದೇ ಸಂಕಟದಲ್ಲಿರುತ್ತಾರೆ. ಯಾರು ಯಾವಾಗ ಯಾಕೆ ತಿಳಿಸಿದರು ಅಥವಾ ತಿಳಿಸಲಿಲ್ಲ ಎಂಬುದು ಆಸ್ತಿಗಿಂತ ಆಳಕ್ಕೆ ನಾಟುತ್ತದೆ. ತಂದೆ ಇರುವ ತನಕ ಅಣ್ಣನಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಸಾವು ಈ ಮನೆಗೆ ಕೊಟ್ಟದ್ದು ಅದನ್ನೇ, ಅಪ್ಪನನ್ನು ಕಾಯುವ ಕೆಲಸದಿಂದ ಮಕ್ಕಳಿಗೆ ಬಿಡುಗಡೆ.

ಅಡುಗೆಮನೆಯ ಕ್ಯಾಲೆಂಡರು

ಎರಡನೇ ಸಭೆಗೆ ಅತ್ತಿಗೆಯನ್ನೂ ಕರೆದೆವು. ಉಯಿಲಿನಲ್ಲಿ ಅವರ ಹೆಸರಿಲ್ಲ, ಕಾನೂನಿನ ಪ್ರಕಾರ ಅವರು ಕಕ್ಷಿಯೂ ಅಲ್ಲ. ಆದರೆ ಸ್ಟ್ರೋಕ್ ಆದ ಮಾವನನ್ನು ಐದು ವರ್ಷ ಎತ್ತಿ ಕೂರಿಸಿದವರು, ತೊಳೆದವರು, ಉಣ್ಣಿಸಿದವರು ಅವರೇ. ಇಂಥ ಪ್ರಕರಣಗಳಲ್ಲಿ ಹೆಚ್ಚು ದುಡಿದವರು ಕಾಗದದಲ್ಲಿ ಇರುವುದೇ ಇಲ್ಲ. ಅವರನ್ನು ಬಿಟ್ಟು ಮಾಡಿದ ಒಪ್ಪಂದ ಅದೇ ಮನೆಯಲ್ಲಿ ದಿನಾ ಮುರಿಯುತ್ತದೆ.

ಅವರು ಜಾಸ್ತಿ ಮಾತಾಡಲಿಲ್ಲ. ಒಂದು ಚೀಲದಿಂದ ದನದ ಮೇವಿನ ಅಂಗಡಿಯವರು ಹಂಚುವ ಗೋಡೆ ಕ್ಯಾಲೆಂಡರುಗಳನ್ನು ತೆಗೆದು ತಂಗಿಯ ಮುಂದಿಟ್ಟರು. 2018ರಿಂದ 2023ರ ಮಾರ್ಚ್ ತನಕ. ಒಂದೊಂದು ದಿನದ ಚೌಕದಲ್ಲೂ ಬಾಲ್‌ಪೆನ್ನಿನಲ್ಲಿ ಎರಡು ಸಾಲು. ಮೇಲೆ ಅಣ್ಣನ ಕೈಬರಹ: ಯಾವ ಹಸು ಕರು ಹಾಕಿತು, ಹೆಣ್ಣೋ ಗಂಡೋ. ಕೆಳಗೆ ಅತ್ತಿಗೆಯದು: 'ಗಂಜಿ ಅರ್ಧ.' 'ನಿದ್ದೆ ಇಲ್ಲ.' 'ಹಿಮ್ಮಡಿ ಕೆಂಪಾಗಿದೆ, ನರ್ಸ್‌ಗೆ ಹೇಳಿದೆ.' 'ಇವತ್ತು ನಕ್ಕರು.' ಮಾರ್ಟ್ ದಿನಗಳ ಚೌಕದಲ್ಲಿ ತಂಗಿಯ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ 'ಅವಳು ಬಂದಿದ್ದಳು, ಅಪ್ಪ ಚೆನ್ನಾಗಿ ತಿಂದರು.'

ತಂಗಿ 2020ನ್ನು ಪೂರ್ತಿ ಓದಿದರು. ನಾವು ಕಾದೆವು. ಅಪ್ಪನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಆರೋಪ ಆಮೇಲೆ ಒಮ್ಮೆಯೂ ಬರಲಿಲ್ಲ. ಫೇರ್ ಡೀಲ್ ಲೆಕ್ಕವನ್ನು ಅಣ್ಣ ಅವತ್ತು ಮೊದಲ ಸಲ ಕಾಗದದ ಮೇಲೆ ಹಾಕಿ ತೋರಿಸಿದರು. 'ಇದನ್ನ ಹೇಳಿದ್ದರೆ ನನಗೆ ಅರ್ಥ ಆಗ್ತಿತ್ತು' ಎಂದರು ತಂಗಿ, ಸಿಟ್ಟಿನಲ್ಲೇ. ಆ ಸಿಟ್ಟು ನ್ಯಾಯದ್ದು.

ಅಜ್ಜನ ಮನೆ

ಇಷ್ಟಾದ ಮೇಲೆ ನಕ್ಷೆ ತೆರೆದೆವು. ಆಶ್ಚರ್ಯವೆಂದರೆ ತಮ್ಮನಿಗೆ ರಸ್ತೆ ಬದಿಯ ಅರ್ಧ ಎಕರೆ ಬೇಕಿರಲಿಲ್ಲ. ಐವತ್ತೇಳನೇ ವಯಸ್ಸಿನಲ್ಲಿ ಹೊಸ ಮನೆ ಕಟ್ಟುವ ಹುಮ್ಮಸ್ಸೂ ಇರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಎರಡು. ಊರಿಗೆ ಬಂದರೆ ಯಾರ ಮನೆಯ ನೆಂಟನೂ ಆಗದೆ ಇಳಿಯಲು ಒಂದು ಜಾಗ. ಸತ್ತರೆ ತಾಯಿಯ ಸಮಾಧಿಯಲ್ಲೇ ತನಗೂ ಜಾಗ.

ಹೊಲದ ಹಿಂದಿನ ಅಂಚಿನಲ್ಲಿ ಅಜ್ಜನ ಕಾಲದ ಕಲ್ಲಿನ ಮನೆ ಪಾಳು ಬಿದ್ದಿತ್ತು. ಅದಕ್ಕೆ ಬೇರೆಯೇ ಕಾಲುದಾರಿ. ತಂಗಿಗೆ ಅದು ಹೊಳೆಯಿತು. ಪಾಳು ಮನೆಗಳನ್ನು ವಾಸಕ್ಕೆ ತರಲು ಅಲ್ಲಿನ ಸರ್ಕಾರ 2022ರಲ್ಲಿ ಅನುದಾನ ಶುರು ಮಾಡಿ, 2023ರ ಮೇಯಲ್ಲಿ ಅದನ್ನು ಏರಿಸಿತ್ತು. ಖಾಲಿ ಬಿದ್ದ ಮನೆಗೆ 50,000 ಯೂರೋ ತನಕ, ಪೂರ್ತಿ ಪಾಳಾಗಿದ್ದರೆ 70,000 ತನಕ. ಷರತ್ತುಗಳಿವೆ. ತಾನೇ ವಾಸ ಮಾಡಬೇಕು, ಇಲ್ಲವೇ ಬಾಡಿಗೆಗೆ ಕೊಡಬೇಕು. ಹತ್ತು ವರ್ಷದೊಳಗೆ ಮಾರಿದರೆ ದುಡ್ಡು ವಾಪಸ್. ಕಟ್ಟಡದ ಕೆಲಸ ಗೊತ್ತಿದ್ದ ತಮ್ಮನೇ ಲೆಕ್ಕ ಅಲ್ಲೇ ಹಾಕಿದರು. ಅಣ್ಣನಿಗೆ ಟ್ರ್ಯಾಕ್ಟರ್ ದಾರಿ ಉಳಿಯಿತು.

ಬರೆಯುವ ರೀತಿಯನ್ನು ಸಾಲಿಸಿಟರುಗಳು ಕೂತು ತೀರ್ಮಾನಿಸಿದರು. ಇದು ಚಿಕ್ಕ ವಿಷಯವಲ್ಲ. 2023ರಲ್ಲಿ ತಂದೆಯಿಂದ ಬಂದದ್ದಾದರೆ 3,35,000 ಯೂರೋ ತನಕ ತೆರಿಗೆ ಇಲ್ಲ. ಅಣ್ಣನಿಂದ ಬಂದದ್ದಾದರೆ ಆ ಮಿತಿ 32,500. ಮಿತಿ ದಾಟಿದ್ದಕ್ಕೆ ಶೇ. 33 ತೆರಿಗೆ. ಮಾತು ಕೂಡಿತು ಎಂಬ ಖುಷಿಯಲ್ಲಿ ತಾವೇ ಕಾಗದ ಬರೆದುಕೊಂಡು ಆಮೇಲೆ ತೆರಿಗೆಗೆ ಸಿಕ್ಕಿಬಿದ್ದವರಿದ್ದಾರೆ.

ತಂಗಿ ಹಣ ಬೇಡ ಎಂದರು. ಹಾಗನ್ನಬೇಡಿ ಎಂದು ನಾವು ತಡೆದೆವು. ಹೆಣ್ಣುಮಕ್ಕಳು ಸಂಬಂಧ ಉಳಿಸಲು ಕೈ ಖಾಲಿ ಮಾಡಿಕೊಂಡು ಎದ್ದರೆ ಆ ನೋವು ಹತ್ತು ವರ್ಷ ಬಿಟ್ಟು ಬೇರೆ ಹೆಸರಿನಲ್ಲಿ ಬರುತ್ತದೆ. ಕೊನೆಗೆ ಉಯಿಲಿನ ಹಣಕ್ಕಿಂತ ಜಾಸ್ತಿಯಾದ ಒಂದು ಮೊತ್ತ, ದನ ಮಾರಿದಂತೆ ನಾಲ್ಕು ವರ್ಷದಲ್ಲಿ ಕೊಡುವುದೆಂದಾಯಿತು. ಜೊತೆಗೆ ತಾಯಿಯ ನೀಲಿ ತಟ್ಟೆಗಳ ಕಪಾಟು.

ಈಗ

ಪ್ರೊಬೇಟ್ 2024ರ ಆರಂಭದಲ್ಲಿ ಬಂತು. ಆರು ತಿಂಗಳು ಯಾವ ದಾವೆಯೂ ಇಲ್ಲದೆ ಕಳೆಯಿತು. ಅಜ್ಜನ ಮನೆಗೆ ಹೊಸ ಮಾಡು ಬಿದ್ದಿದೆ, ತಮ್ಮ ಇನ್ನೂ ಲಂಡನ್ನಿನಲ್ಲೇ ಇದ್ದಾರೆ. ಭಾನುವಾರ ಫೋನ್ ಮಾಡುತ್ತಾರೆ. ಮಳೆ, ಹುಲ್ಲು, ಫುಟ್ಬಾಲ್, ಇಷ್ಟೇ ಮಾತು. ಅವರು ಆಪ್ತರಾಗಿದ್ದಾರೆ ಎಂದು ನಾನು ಹೇಳಲಾರೆ. ಫೋನ್ ಎತ್ತುತ್ತಾರೆ.

ಅಣ್ಣನಿಗೆ ಮಕ್ಕಳಿಲ್ಲ. ಕಳೆದ ವರ್ಷ ಅವರು ತನ್ನ ಉಯಿಲು ಬರೆಸಿದರು. ಹೆಂಡತಿ ಇರುವ ತನಕ ಎಲ್ಲ ಅವರದು, ಆಮೇಲೆ ಹೊಲ ತಂಗಿಯ ಮಗನಿಗೆ. ಬರೆಸುವ ಮೊದಲು ತಂಗಿಯನ್ನೂ ತಮ್ಮನನ್ನೂ ಅದೇ ಅಡುಗೆಮನೆಗೆ ಕರೆದು, ಒಂದೊಂದು ಸಾಲನ್ನೂ ಓದಿ ಹೇಳಿ, 'ಆಕ್ಷೇಪಣೆ ಇದ್ದರೆ ಈಗಲೇ ಹೇಳಿ' ಎಂದರಂತೆ. ಅಜ್ಜನ ಮನೆಯ ದಾರಿಯ ಬಗ್ಗೆ ತಮ್ಮ ಒಂದು ಕೇಳಿದರು, ಅಣ್ಣ ಅದನ್ನೂ ಸೇರಿಸಿದರು.

ಅತ್ತಿಗೆ ಮತ್ತು ತಂಗಿಯ ನಡುವೆ ಮಾತ್ರ ಇನ್ನೂ ಸರಿಹೋಗಿಲ್ಲ. ತಂಗಿ ಈಗ ಮಾರ್ಟ್ ಇಲ್ಲದ ದಿನವೂ ಬರುತ್ತಾರೆ. ಅತ್ತಿಗೆ ಟೀ ಮಾಡಿಕೊಡುತ್ತಾರೆ, ಕೂರುವುದಿಲ್ಲ. ಐದು ವರ್ಷ ತನ್ನ ಬೆನ್ನ ಹಿಂದೆ ಏನೇನು ಮಾತು ನಡೆಯಿತು ಎಂಬುದಕ್ಕೆ ಅವರಿಗೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ಕೊಡಬೇಕಾದದ್ದು ತಂಗಿ ಎಂದು ನಾನು ಅವರಿಗೇ ನೇರವಾಗಿ ಹೇಳಿದ್ದೇನೆ. ಕ್ರಿಸ್‌ಮಸ್‌ಗೆ ಮಾತಾಡುತ್ತೇನೆ ಎಂದಿದ್ದಾರೆ.